ಯೀಸ್ಟಿನ ಕಾವು, ಐಸ್ ಬಾಟಲಿಯ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲಿ ಬಿಯರ್ ಮಾಡುವವರ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದದ್ದೇ ತಡ, ರಾಶಿ ಪತ್ರಗಳು ಬಂದಿವೆ. ಮಾಲ್ಟ್ ಯಾವುದು, ಹಾಪ್ಸ್ ಎಷ್ಟು ಎಂದು ಕೇಳಿದವರು ಕಡಿಮೆ. ಬಿಯರ್ ಹುದುಗುವ ಡ್ರಮ್ ಕಾವೇರುತ್ತಿದೆ, ಹೇಗೆ ತಣ್ಣಗಿಡಲಿ ಎಂದು ಕೇಳಿದವರೇ ಹೆಚ್ಚು. ಮೂವತ್ತೊಂದು ವರ್ಷ ಫ್ರಿಜ್, ಡೀಪ್ ಫ್ರೀಜರ್ ರಿಪೇರಿ ಮಾಡಿ ಅನ್ನ ತಿಂದವನು ನಾನು. ಬಿಯರ್ ಮಾಡಲು ಹಿಡಿದು ಹನ್ನೆರಡು ವರ್ಷವಾಯಿತು. ಈ ಎರಡು ಕೆಲಸ ಕೂಡುವ ಜಾಗದ ಬಗ್ಗೆಯೇ ನೀವು ಕೇಳಿದ್ದೀರಿ, ಹಾಗಾಗಿ ಈ ತಿಂಗಳ ಪುಟವನ್ನೆಲ್ಲ ಅದಕ್ಕೇ ಇಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಬೇಕು. ಮನೆಯಲ್ಲಿ ಬಿಯರ್ ಮಾಡಲು ಎಲ್ಲ ಕಡೆಯೂ ಕಾನೂನಿನ ಒಪ್ಪಿಗೆ ಇಲ್ಲ. ನೀವಿರುವ ಕಡೆ ನಿಯಮ ಏನಿದೆ ಎಂದು ತಿಳಿದುಕೊಂಡೇ ಕೈ ಹಾಕಿ.

ಪ್ರಶ್ನೆ: ಸರ್, ನಾನು ಡ್ರಮ್ ಇಡುವ ಕೋಣೆ ಸದಾ 22 ಡಿಗ್ರಿ ಇರುತ್ತದೆ. ಯೀಸ್ಟಿನ ಪೊಟ್ಟಣದ ಮೇಲೂ 18ರಿಂದ 22 ಎಂದೇ ಬರೆದಿದೆ. ಆದರೂ ಎರಡು ಸಲವೂ ಬಿಯರ್ ನೇಲ್ ಪಾಲಿಷ್ ವಾಸನೆ ಹೊಡೆಯಿತು, ಕುಡಿದರೆ ಗಂಟಲು ಸುಟ್ಟ ಹಾಗೆ. ಪಾತ್ರೆ ತೊಳೆಯುವುದರಲ್ಲಿ ಕೊರತೆ ಮಾಡಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಕೋಣೆ 22 ಇದೆ. ಬಿಯರ್ ಎಷ್ಟಿತ್ತು ಎಂದು ನೀವು ಬರೆದಿಲ್ಲ. ಅಳೆದಿಲ್ಲ ಎಂದುಕೊಳ್ಳುತ್ತೇನೆ. ತಪ್ಪಿರುವುದು ಅಲ್ಲಿಯೇ.

ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವಾಗ ಕಾವನ್ನೂ ಬಿಡುತ್ತದೆ. ದೊಡ್ಡ ಬ್ರೂವರಿಗಳಲ್ಲಿ ಲೆಕ್ಕಕ್ಕೆ ಹಿಡಿಯುವುದು, ಹುದುಗಿದ ಪ್ರತಿ ಕಿಲೋ ಸಕ್ಕರೆಯಂಶಕ್ಕೆ ಸುಮಾರು 587 ಕಿಲೋಜೂಲ್. ಶುರುವಿನ ಸಾಂದ್ರತೆ (ನೀರನ್ನು 1 ಎಂದು ಹಿಡಿದರೆ) 1.050 ಇರುವ 20 ಲೀಟರ್ ವರ್ಟ್, ಅಂದರೆ ಇನ್ನೂ ಹುದುಗದ ಮಾಲ್ಟಿನ ಸಿಹಿ ರಸ, ತೆಗೆದುಕೊಳ್ಳಿ. ಅದರಲ್ಲಿ ಕರಗಿರುವ ಅಂಶ 2.6 ಕಿಲೋ; ಯೀಸ್ಟ್ ತಿಂದು ಮುಗಿಸುವುದು 1.6 ಕಿಲೋ ಆಸುಪಾಸು. ಗುಣಿಸಿದರೆ 940 ಕಿಲೋಜೂಲ್ ಬಂತು. ಇಷ್ಟೂ ಕಾವು ಡ್ರಮ್ಮಿನಲ್ಲೇ ಉಳಿದರೆ ಬಿಯರ್ 11 ಡಿಗ್ರಿ ಏರುತ್ತದೆ. ಪುಣ್ಯಕ್ಕೆ ಅಷ್ಟೂ ಉಳಿಯುವುದಿಲ್ಲ, ಡ್ರಮ್ಮಿನ ಗೋಡೆಯಿಂದ ಗಾಳಿಗೆ ಸೋರಿಹೋಗುತ್ತದೆ. ಆದರೆ ಯೀಸ್ಟ್ ಭರದಿಂದ ಕೆಲಸ ಮಾಡುವ ದಿನ ಸೋರುವುದಕ್ಕಿಂತ ಹುಟ್ಟುವುದೇ ಹೆಚ್ಚು.

ನನ್ನ ಪುಸ್ತಕದಿಂದ ಒಂದು ಪುಟ ನಕಲು ಮಾಡಿ ಕೊಡುತ್ತೇನೆ. ಆ ಸಲ ಯಾವ ತಂಪೂ ಕೊಡದೆ, ನೋಡಬೇಕೆಂದೇ ಒಂದು ಸೆನ್ಸರನ್ನು ಡ್ರಮ್ಮಿನೊಳಗೆ ಇಳಿಬಿಟ್ಟು, ಇನ್ನೊಂದನ್ನು ಎದುರು ಗೋಡೆಗೆ ನೇತುಹಾಕಿದ್ದೆ. ಸಂಜೆ 7ಕ್ಕೆ ಯೀಸ್ಟ್ ಹಾಕಿದಾಗ ಕೋಣೆ 21, ವರ್ಟ್ 20.5. ಮರುದಿನ ಬೆಳಗ್ಗೆ ಕೋಣೆ 20.5, ವರ್ಟ್ 21. ಮೇಲೆ ತೆಳ್ಳಗೆ, ಹಾಲಿನ ಕೆನೆಯ ಹಾಗೆ ನೊರೆ ಕಟ್ಟಲು ಶುರುವಾಗಿತ್ತು. ಸಂಜೆ 7ಕ್ಕೆ ಕೋಣೆ 21.5, ಬಿಯರ್ 24. ಏರ್‌ಲಾಕ್ (ಗ್ಯಾಸನ್ನು ಹೊರಗೆ ಬಿಟ್ಟು ಗಾಳಿಯನ್ನು ಒಳಗೆ ಬಿಡದ, ನೀರು ತುಂಬಿದ ಪುಟ್ಟ ಕೊಳವೆ) ಬಿಡುವಿಲ್ಲದೆ ಗುಳುಗುಳು ಎನ್ನುತ್ತಿತ್ತು. ರಾತ್ರಿ 2 ಗಂಟೆಗೆ ಎದ್ದು ನೋಡಿದೆ: ಕೋಣೆ 20.5, ಬಿಯರ್ 25.5. ಐದು ಡಿಗ್ರಿ ವ್ಯತ್ಯಾಸ. ನಾಲ್ಕನೆಯ ದಿನ ಬಿಯರ್ ತಾನಾಗಿಯೇ 22ಕ್ಕೆ ಇಳಿದಿತ್ತು.

ಮೋಸ ಹೋಗುವುದು ಈ ನಾಲ್ಕನೆಯ ದಿನದಲ್ಲಿ. ಎಲ್ಲ ತಣ್ಣಗಾದ ಮೇಲೆ ಅಳೆದವರಿಗೆ ಕೋಣೆ, ಬಿಯರ್ ಎರಡೂ ಒಂದೇ ಕಾಣುತ್ತದೆ. ಅಷ್ಟರಲ್ಲಿ ಕೆಡುವುದು ಕೆಟ್ಟಾಗಿರುತ್ತದೆ. ಯೀಸ್ಟ್ ಮೊದಲ ಎರಡು ಮೂರು ದಿನಗಳಲ್ಲಿ ಮರಿ ಹಾಕಿ ಹೆಚ್ಚುತ್ತದೆ. ಕಾವು ಹೆಚ್ಚಿದ್ದರೆ ಆ ಹೊತ್ತಿನಲ್ಲೇ ಫ್ಯೂಸೆಲ್ ಎನ್ನುವ ಖಾರದ ಆಲ್ಕೋಹಾಲ್‌ಗಳೂ, ಬಾಳೆಹಣ್ಣು, ನೇಲ್ ಪಾಲಿಷ್ ವಾಸನೆಯ ಎಸ್ಟರ್‌ಗಳೂ ಮಿತಿಮೀರಿ ಹುಟ್ಟುತ್ತವೆ. ನಿಮ್ಮ ಗಂಟಲು ಸುಟ್ಟದ್ದು ಅವುಗಳಿಂದ.

ಮುಂದಿನ ಸಲ ವರ್ಟನ್ನು 17 ಅಥವಾ 18ಕ್ಕೆ ಇಳಿಸಿದ ಮೇಲೆಯೇ ಯೀಸ್ಟ್ ಹಾಕಿ. ಬೇಗ ಶುರುವಾಗಲಿ ಎಂದು 28ರಲ್ಲಿ ಹಾಕಿ ಆಮೇಲೆ ತಣ್ಣಗೆ ಮಾಡಲು ಓಡಾಡುವವರು ಬಹಳ. ಅದು ಪೂರ್ತಿ ಉಲ್ಟಾ. ಬೆಚ್ಚಗೆ ಎದ್ದ ಯೀಸ್ಟಿಗೆ ಒಮ್ಮೆಲೇ ಚಳಿ ಹಿಡಿದರೆ ಅದು ತಳ ಸೇರಿ ಕೂತುಬಿಡುತ್ತದೆ. ತಣ್ಣಗೆ ಶುರು ಮಾಡಿ, ಮೂರು ದಿನ 18 ದಾಟದ ಹಾಗೆ ಕಾಯಿರಿ. ನೊರೆ ಕುಸಿಯಲು ಹತ್ತಿದಾಗ 20, 21ಕ್ಕೆ ಏರಲು ಬಿಡಿ. ಕೊನೆಯಲ್ಲಿ ಆ ಸ್ವಲ್ಪ ಬೆಚ್ಚಗು ಇದ್ದರೆ ಯೀಸ್ಟ್ ತಾನೇ ಬಿಟ್ಟಿದ್ದ ಬೆಣ್ಣೆ ವಾಸನೆಯ ಡೈಅಸಿಟೈಲನ್ನು ವಾಪಸ್ ತಿಂದು ಹಾಕುತ್ತದೆ.

ಪ್ರಶ್ನೆ: ಅಂಕಲ್, ಬಟ್ಟೆ ನೆನೆಸುವ ದೊಡ್ಡ ಟಬ್ಬಿನಲ್ಲಿ ನೀರು ತುಂಬಿಸಿ, ಅದರೊಳಗೆ ಡ್ರಮ್ ಇಟ್ಟು ಐಸ್ ಸುರಿಯುತ್ತಿದ್ದೇನೆ. ಎಷ್ಟು ಹಾಕಬೇಕು ಎಂದೇ ತಿಳಿಯುತ್ತಿಲ್ಲ. ಒಮ್ಮೆ 14ಕ್ಕೆ ಇಳಿದುಬಿಡುತ್ತದೆ, ಬೆಳಗ್ಗೆ ನೋಡಿದರೆ 23. ಕಾಲೇಜಿಗೆ ಹೋಗುವವನು, ದಿನವಿಡೀ ಕಾಯಲಾರೆ.

ಉತ್ತರ: ನೀನು ಹಿಡಿದ ದಾರಿ ಸರಿಯಾಗಿದೆ ಮಗಾ. ಏನೂ ಖರ್ಚಿಲ್ಲದ ಉಪಾಯಗಳಲ್ಲಿ ನೀರಿನ ಟಬ್ಬಿಗಿಂತ ಒಳ್ಳೆಯದು ನಾನು ಕಂಡಿಲ್ಲ. ಐಸನ್ನು ಸುರಿಯುವುದು ಮಾತ್ರ ನಿಲ್ಲಿಸು. ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಗಳಲ್ಲಿ ನೀರು ತುಂಬಿಸಿ ಫ್ರೀಜರಿಗೆ ಹಾಕು. ಹೆಪ್ಪುಗಟ್ಟಿದ ನೀರು 9 ಶೇಕಡಾ ಹಿಗ್ಗುತ್ತದೆ, ಅದಕ್ಕೆ ಕುತ್ತಿಗೆಯವರೆಗೆ ತುಂಬಿಸಬೇಡ. ಬಾಟಲಿಯಾದರೆ ಟಬ್ಬಿನ ನೀರು ಉಕ್ಕುವುದಿಲ್ಲ, ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಲೆಕ್ಕ ಸಿಗುತ್ತದೆ.

ಲೆಕ್ಕ ಹೀಗಿದೆ. ಒಂದು ಕಿಲೋ ಐಸ್ ಕರಗಲು 334 ಕಿಲೋಜೂಲ್ ಬೇಕು. ಫ್ರೀಜರಿನ ಮೈನಸ್ 18ರಿಂದ ಸೊನ್ನೆಗೆ ಬರಲು 38, ಕರಗಿದ ನೀರು 18 ಡಿಗ್ರಿಗೆ ಏರಲು 75. ಒಟ್ಟು ಒಂದು ಬಾಟಲಿ ನುಂಗುವ ಕಾವು ಸುಮಾರು 445 ಕಿಲೋಜೂಲ್. ನಿನ್ನ ಟಬ್ಬಿನಲ್ಲಿ 30 ಲೀಟರ್ ನೀರು, ಡ್ರಮ್ಮಿನಲ್ಲಿ 20 ಲೀಟರ್ ಬಿಯರ್ ಇದ್ದರೆ, ಎರಡನ್ನೂ ಒಂದು ಡಿಗ್ರಿ ಇಳಿಸಲು 205 ಕಿಲೋಜೂಲ್ ತೆಗೆಯಬೇಕು. ಅಂದರೆ ಒಂದು ಬಾಟಲಿಗೆ ಎರಡು ಡಿಗ್ರಿ. ಇದನ್ನು ನೆನಪಿಟ್ಟುಕೋ. 20 ಇದೆ, 18 ಬೇಕು ಎಂದರೆ ಒಂದು ಬಾಟಲಿ ಸಾಕು; ನೀನು ಗಾಬರಿಯಾಗಿ ನಾಲ್ಕು ಬಾಟಲಿಯಷ್ಟು ಐಸ್ ಸುರಿದಿರಬೇಕು, ಅದಕ್ಕೇ 14 ಆಗಿದೆ.

ಇದು ಒಮ್ಮೆ ಇಳಿಸುವ ಲೆಕ್ಕ. ಕೋಣೆಯ ಬಿಸಿ ಗಾಳಿ ಮತ್ತೆ ಮತ್ತೆ ಒಳಗೆ ಸೇರುತ್ತದಲ್ಲ, ಅದಕ್ಕೆ ಬೆಳಗ್ಗೆ ಒಂದಷ್ಟು, ರಾತ್ರಿ ಒಂದಷ್ಟು ಬದಲಾಯಿಸಬೇಕು. ಎಷ್ಟು ಎನ್ನುವುದನ್ನು ನಿನ್ನ ಕೋಣೆಯೇ ಹೇಳಬೇಕು. ಬಿಯರ್ ಮಾಡುವ ಹಿಂದಿನ ಎರಡು ದಿನ ಡ್ರಮ್ಮಿಗೆ ಬರೀ ನೀರು ತುಂಬಿಸಿ ಇಟ್ಟು ನೋಡು. ಬೆಳಗ್ಗೆ ಎರಡು ಬಾಟಲಿ ಹಾಕಿ ಕಾಲೇಜಿಗೆ ಹೋಗು, ಸಂಜೆ ಬಂದು ಅಳೆ. ಬರೀ ನೀರಿಗೆ ಬೇಕಾದದ್ದಕ್ಕಿಂತ ದಿನಕ್ಕೆ ಒಂದೆರಡು ಬಾಟಲಿ ಹೆಚ್ಚು, ಅದೂ ಎರಡನೆಯ ಮತ್ತು ಮೂರನೆಯ ದಿನ ಮಾತ್ರ. ನಾಲ್ಕನೆಯ ದಿನ ಯೀಸ್ಟಿನ ಕಾವು ಇಳಿದಿರುತ್ತದೆ. ಆಗಲೂ ಅದೇ ಅಭ್ಯಾಸದಲ್ಲಿ ಬಾಟಲಿ ಹಾಕುತ್ತಾ ಹೋದರೆ ಯೀಸ್ಟ್ ಮಲಗಿಬಿಡುತ್ತದೆ, ಸಿಹಿ ಹಾಗೇ ಉಳಿಯುತ್ತದೆ.

ಟಬ್ಬಿನ ನೀರು ಡ್ರಮ್ಮಿನೊಳಗಿನ ಬಿಯರಿನ ಮಟ್ಟಕ್ಕೆ ಸಮ ಇರಲಿ. ಅದಕ್ಕಿಂತ ಮೇಲೆ ಬಂದರೆ ಡ್ರಮ್ ತೇಲಲು ನೋಡುತ್ತದೆ. ಬಾಟಲಿಗಳು ಮೇಲೆ ತೇಲುತ್ತಿರಲಿ, ಒತ್ತಿ ಮುಳುಗಿಸಬೇಡ. ತಣ್ಣಗಾದ ನೀರು ಭಾರವಾಗಿ ಕೆಳಗಿಳಿದು, ಕೆಳಗಿನದು ಮೇಲೆ ಬಂದು ತಾನೇ ಕಲಸಿಕೊಳ್ಳುತ್ತದೆ. ಡ್ರಮ್ಮಿಗೆ ಕೆಳಗೆ ನಲ್ಲಿ ಇದ್ದರೆ ಅದರ ಬಾಯಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಹಾಕು. ಟಬ್ಬಿನ ನೀರು ನಲ್ಲಿಯೊಳಗೆ ನಿಂತರೆ, ಬಾಟಲಿಗೆ ತುಂಬಿಸುವ ದಿನ ಮೊದಲು ಬೀಳುವುದು ಅದೇ ಕೊಳಕು ನೀರು.

ಪ್ರಶ್ನೆ: ಡ್ರಮ್ಮಿಗೆ ಒದ್ದೆ ಬನಿಯನ್ ತೊಡಿಸಿ ಫ್ಯಾನ್ ಹಾಕಿದರೆ ತಣ್ಣಗಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಒಂದು ಡಿಗ್ರಿಯೂ ಇಳಿಯಲಿಲ್ಲ. ಇದು ಬರೀ ಬಾಯಿಮಾತೇ?

ಉತ್ತರ: ಬಾಯಿಮಾತಲ್ಲ. ಅವರ ಗಾಳಿ ಒಣಗಾಳಿ, ನಿಮ್ಮದು ಒದ್ದೆ ಗಾಳಿ ಇರಬೇಕು. ನೀರು ಆವಿಯಾಗುವಾಗ ಎಳೆದುಕೊಳ್ಳುವ ಕಾವು ಬಹಳ ದೊಡ್ಡದು: ಒಂದು ಲೀಟರಿಗೆ ಸುಮಾರು 2,450 ಕಿಲೋಜೂಲ್. ಮೇಲೆ ಹೇಳಿದ ಐಸ್ ಬಾಟಲಿ ಐದೂವರೆಗೆ ಸಮ. ಅದರಲ್ಲಿ ಒಂದು ಪಾಲು ಸುತ್ತಲಿನ ಗಾಳಿಯಿಂದಲೇ ಬರುತ್ತದೆ, ಆದರೂ ಡ್ರಮ್ಮಿಗೆ ಸಿಗುವುದು ಕಡಿಮೆಯೇನಲ್ಲ. ಆದರೆ ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ನೀರು ಆವಿಯಾಗುವುದೇ ಇಲ್ಲ. ಗಾಳಿ 30 ಡಿಗ್ರಿ, ತೇವಾಂಶ 30 ಶೇಕಡಾ ಇದ್ದಾಗ ಒದ್ದೆ ಬಟ್ಟೆ ಹೆಚ್ಚೆಂದರೆ 18ರವರೆಗೆ ಇಳಿಯಬಲ್ಲದು. ಅದೇ 30 ಡಿಗ್ರಿಯಲ್ಲಿ ತೇವಾಂಶ 80 ಇದ್ದರೆ 27ರಲ್ಲೇ ನಿಂತುಹೋಗುತ್ತದೆ, ಎಷ್ಟು ಫ್ಯಾನ್ ಹಾಕಿದರೂ ಅಷ್ಟೇ.

ಪರೀಕ್ಷೆ ಸುಲಭ. ಥರ್ಮಾಮೀಟರಿನ ತುದಿಗೆ ಒದ್ದೆ ಹತ್ತಿ ಸುತ್ತಿ, ಫ್ಯಾನಿನ ಎದುರು ಐದು ನಿಮಿಷ ಹಿಡಿಯಿರಿ. ಅದು ತೋರಿಸುವ ಅಂಕಿಯೇ ನಿಮ್ಮ ಬನಿಯನ್ನಿನ ಗಡಿ. ಡ್ರಮ್ ಅಷ್ಟಕ್ಕೂ ಇಳಿಯದು, ಅದರ ಮೇಲೆ ಎರಡು ಮೂರು ಡಿಗ್ರಿಯಲ್ಲಿ ನಿಲ್ಲುತ್ತದೆ. ಆ ಅಂಕಿ 16ರ ಒಳಗೆ ಬಂದರೆ ಬನಿಯನ್ ನಂಬಿ, ಇಲ್ಲವಾದರೆ ಟಬ್ಬಿಗೆ ಹೋಗಿ.

ಪ್ರಶ್ನೆ: ಥರ್ಮೋಕೋಲ್ ಹಾಳೆ ಅಂಟಿಸಿ ಪೆಟ್ಟಿಗೆ ಮಾಡಿದ್ದೇನೆ. ಒಳಗೆ ಡ್ರಮ್, ಪಕ್ಕದ ಗೂಡಿನಲ್ಲಿ ಐಸ್ ಬಾಟಲಿ, ನಡುವೆ ಹಳೆಯ ಕಂಪ್ಯೂಟರಿನ ಫ್ಯಾನ್, ಅದಕ್ಕೊಂದು ಥರ್ಮೋಸ್ಟಾಟ್. ಕೆಲಸ ಮಾಡುತ್ತದೆ, ಆದರೆ ದಿನಕ್ಕೆ ಎಂಟು ಬಾಟಲಿ ಐಸ್ ತಿನ್ನುತ್ತದೆ. ಇದು ಸರಿಯೇ?

ಉತ್ತರ: ನಿಮ್ಮ ಪತ್ರದ ಜೊತೆ ಇದ್ದ ಚಿತ್ರ ನೋಡಿ ಮನಸ್ಸು ತುಂಬಿತು. ಮೂಲೆಗಳನ್ನು ಎಷ್ಟು ಚೆನ್ನಾಗಿ ಕೂಡಿಸಿದ್ದೀರಿ! ಆದರೆ ಹಾಳೆ ಎರಡೂವರೆ ಸೆಂಟಿಮೀಟರ್ ದಪ್ಪದ್ದು ಎಂದು ಬರೆದಿದ್ದೀರಿ. ಎಂಟು ಬಾಟಲಿಯ ಕಾರಣ ಅದು.

60 ಸೆಂಟಿಮೀಟರ್ ಅಗಲ, ಅಷ್ಟೇ ಉದ್ದ, 90 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯ ಹೊರಮೈ ಸುಮಾರು 2.9 ಚದರ ಮೀಟರ್. ಒಳಗೂ ಹೊರಗೂ 10 ಡಿಗ್ರಿ ವ್ಯತ್ಯಾಸ ಇದ್ದಾಗ ಎರಡೂವರೆ ಸೆಂಟಿಮೀಟರಿನ ಗೋಡೆಯಿಂದ ಸುಮಾರು 40 ವ್ಯಾಟ್ ಕಾವು ಒಳಗೆ ನುಸುಳುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ ಅದೊಂದಕ್ಕೇ ಏಳೆಂಟು ಬಾಟಲಿ ಬೇಕು. ಯೀಸ್ಟ್ ತನ್ನ ಭರದ ದಿನದಲ್ಲೂ ಬಿಡುವುದು 6ರಿಂದ 8 ವ್ಯಾಟ್ ಅಷ್ಟೇ, ಒಂದು ಪುಟ್ಟ ರಾತ್ರಿದೀಪದಷ್ಟು. ಅಂದರೆ ನಿಮ್ಮ ಐಸಿನಲ್ಲಿ ಹೆಚ್ಚಿನ ಪಾಲು ಬಿಯರಿಗೆ ಹೋಗುತ್ತಲೇ ಇಲ್ಲ, ಕೋಣೆಯನ್ನು ತಣ್ಣಗೆ ಮಾಡಲು ಹೋಗುತ್ತಿದೆ. ಇನ್ನೊಂದು ಪದರ ಅಂಟಿಸಿ ಗೋಡೆಯನ್ನು 5 ಸೆಂಟಿಮೀಟರ್ ಮಾಡಿ, 40 ವ್ಯಾಟ್ 20ಕ್ಕೆ ಇಳಿಯುತ್ತದೆ. ನಾಲ್ಕೈದು ಬಾಟಲಿಯಲ್ಲಿ ದಿನ ಮುಗಿಯುತ್ತದೆ. ಹೊಸ ಪದರದ ಕೂಡುಗೆರೆ ಹಳೆಯದರ ಕೂಡುಗೆರೆಯ ಮೇಲೆ ಬರದ ಹಾಗೆ ನೋಡಿಕೊಳ್ಳಿ. ಮುಚ್ಚಳದ ಅಂಚಿಗೆ ಬಾಗಿಲಿಗೆ ಹಾಕುವ ಸ್ಪಂಜಿನ ಪಟ್ಟಿ ಹಾಕಿ. ಒಂದು ಬೆರಳಿನ ಸಂದಿಯಿಂದ ಸೋರುವ ತಂಪು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು. ಐಸ್ ಗೂಡಿನ ನೆಲಕ್ಕೆ ತಟ್ಟೆಯೊಂದನ್ನು ಇಟ್ಟರೆ ಬಾಟಲಿಯ ಮೈ ಬೆವರಿ ಇಳಿಯುವ ನೀರು ಥರ್ಮೋಕೋಲ್ ಸಂದಿಗೆ ಹೋಗಿ ಬೂಷ್ಟು ಹಿಡಿಯುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ಹಳೆಯ ಫ್ರಿಜ್ ಬಿದ್ದಿದೆ. ಹೊರಗಿನಿಂದ ಒಂದು ತಾಪನಿಯಂತ್ರಕ ಹಾಕಿದರೆ ಬಿಯರಿಗೆ ಆಗುತ್ತದೆ ಎಂದು ಓದಿದೆ. ಫ್ರಿಜ್ ಹಾಳಾಗುವುದಿಲ್ಲವೇ? ಸೆನ್ಸರ್ ಎಲ್ಲಿ ಇಡಬೇಕು?

ಉತ್ತರ: ಈ ಪ್ರಶ್ನೆಗೆ ನಾನು ಕಾಯುತ್ತಿದ್ದೆ.

ಗುಂಡಿ ತಿರುಗಿಸುವ ಹಳೆಯ ಫ್ರಿಜ್ ಈ ಕೆಲಸಕ್ಕೆ ಬಹಳ ಒಳ್ಳೆಯದು. ಒಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇರುವ ಹೊಸ ಫ್ರಿಜ್ಜಿಗೆ ಹೊರಗಿನಿಂದ ಪದೇ ಪದೇ ಕರೆಂಟ್ ಕಡಿದು ಕೊಡುವುದು ನನಗೆ ಇಷ್ಟವಿಲ್ಲ. ನಿಮ್ಮ ಹಳೆಯದರಲ್ಲಿ ಗುಂಡಿಯನ್ನು ಅತಿ ತಂಪಿಗೆ ತಿರುಗಿಸಿ ಬಿಟ್ಟುಬಿಡಿ. ಫ್ರಿಜ್ಜಿನ ಪ್ಲಗ್ ನಿಯಂತ್ರಕಕ್ಕೆ, ನಿಯಂತ್ರಕ ಗೋಡೆಯ ಸಾಕೆಟ್ಟಿಗೆ. ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎನ್ನುವುದನ್ನು ಇನ್ನು ನಿಯಂತ್ರಕವೇ ಹೇಳುತ್ತದೆ. ಗೋಡೆಗೆ ತೂತು ಕೊರೆಯುವ ಆಸೆ ಬೇಡ. ಸೆನ್ಸರಿನ ತೆಳು ವೈರ್ ಬಾಗಿಲಿನ ರಬ್ಬರಿನ ಕೆಳಗೆ ಸುಲಭವಾಗಿ ನುಸುಳುತ್ತದೆ. ಕೊರೆಯಲು ಹೋಗಿ ಗ್ಯಾಸಿನ ಕೊಳವೆಗೆ ಡ್ರಿಲ್ ತಾಗಿಸಿಕೊಂಡು ಬಂದ ಫ್ರಿಜ್‌ಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಅವನ್ನು ಉಳಿಸುವುದು ಬಹಳ ಕಷ್ಟ.

ಹಾಳಾಗುವ ಭಯ ಇರುವುದು ಕಂಪ್ರೆಸರಿಗೆ. ಅದು ನಿಂತ ಕೂಡಲೇ ಮತ್ತೆ ಓಡಿಸಿದರೆ ಒಂದು ಕಡೆ ಗ್ಯಾಸಿನ ಒತ್ತಡ ಏರಿಯೇ ಇರುತ್ತದೆ. ಎದುರು ಒತ್ತಡಕ್ಕೆ ಮೋಟಾರು ತಿರುಗಲಾರದೆ ಹುಂ ಎಂದು ಗುನುಗುತ್ತದೆ, ಬಿಸಿಯಾಗುತ್ತದೆ, ಆಮೇಲೆ ಮೋಟಾರನ್ನು ಕಾಯುವ ಓವರ್‌ಲೋಡ್ ಸ್ವಿಚ್ 'ಟಕ್' ಎಂದು ಬೀಳುತ್ತದೆ. ಆ 'ಟಕ್' ಸದ್ದು ದಿನಕ್ಕೆ ಹತ್ತು ಸಲ ಕೇಳಿಸುತ್ತಿದ್ದರೆ ಕಂಪ್ರೆಸರಿನ ಆಯಸ್ಸು ಮುಗಿಯುತ್ತಾ ಬಂತೆಂದೇ ಅರ್ಥ. ನಿಂತ ಮೇಲೆ ಒತ್ತಡ ಸಮವಾಗಲು ಮೂರರಿಂದ ಐದು ನಿಮಿಷ ಬೇಕು. ನಿಯಂತ್ರಕದಲ್ಲಿ 'ಡಿಲೇ' ಎಂಬ ಅಂಕಿ ಇರುತ್ತದೆ, ಅದನ್ನು 5 ನಿಮಿಷಕ್ಕೆ ಇಡಿ. ಡಿಲೇ ಇಲ್ಲದ ನಿಯಂತ್ರಕವನ್ನು ಫ್ರಿಜ್ಜಿಗೆ ಹಾಕಲೇಬೇಡಿ. ಮೋಟಾರು ಶುರುವಾಗುವ ಕ್ಷಣ ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು, ಹಾಗಾಗಿ ನಿಯಂತ್ರಕದೊಳಗೆ ಕರೆಂಟ್ ಕಡಿದು ಕೊಡುವ ಸ್ವಿಚ್, ಅಂದರೆ ರಿಲೇ, ದೊಡ್ಡದೇ ಇರಲಿ. ನೀರು, ಕರೆಂಟು ಜೊತೆಗಿರುವ ಜಾಗ ಇದು. 30 ಮಿಲಿಆಂಪಿಗೆ ಬೀಳುವ ಲೀಕೇಜ್ ಬ್ರೇಕರ್ ಇರುವ ಲೈನಿನಲ್ಲೇ ಹಾಕಿ. ಟಬ್, ಪೆಟ್ಟಿಗೆ ಬಳಸುವ ಉಳಿದವರಿಗೂ ಇದೇ ಮಾತು.

ಇನ್ನು ಸೆನ್ಸರ್. ಮೊದಲ ಸಲ ನಾನು ಅದನ್ನು ಫ್ರಿಜ್ಜಿನ ನಡುವೆ ಗಾಳಿಯಲ್ಲಿ ತೂಗುಬಿಟ್ಟಿದ್ದೆ. ಮೂವತ್ತು ವರ್ಷ ಫ್ರಿಜ್ಜಿನ ಗಾಳಿಯ ತಾಪವನ್ನೇ ಅಳೆದು ಅಭ್ಯಾಸ ಆಗಿತ್ತು. 18ಕ್ಕೆ ಇಟ್ಟೆ, ಡಿಸ್‌ಪ್ಲೇ 18 ತೋರಿಸಿತು, ನೆಮ್ಮದಿಯಾಗಿ ಮಲಗಿದೆ. ಎರಡನೆಯ ದಿನ ಮುಚ್ಚಳ ತೆಗೆದು ಅಳೆದರೆ ಬಿಯರ್ 22. ಗಾಳಿ 18 ಇತ್ತು, ನಿಜ. ಬಿಯರ್ ತನ್ನ ಕಾವಿನಿಂದ ನಾಲ್ಕು ಡಿಗ್ರಿ ಮೇಲಿತ್ತು. ಆ ಬಿಯರಿನ ಹಸಿರು ಸೇಬಿನ ಘಾಟು, ಹಿಂದಿನಿಂದ ಬರುವ ಖಾರ ಇವತ್ತಿಗೂ ಮೂಗಿನಲ್ಲಿದೆ.

ಆಮೇಲೆ ಮಾಡಿಕೊಂಡ ವ್ಯವಸ್ಥೆಯನ್ನು ಇವತ್ತಿನವರೆಗೂ ಬದಲಾಯಿಸಿಲ್ಲ. ಸೆನ್ಸರಿನ ತುದಿಯನ್ನು ಡ್ರಮ್ಮಿನ ಹೊರಗೋಡೆಗೆ, ಬಿಯರಿನ ಮಟ್ಟದ ಅರ್ಧ ಎತ್ತರದಲ್ಲಿ, ಬಿಗಿಯಾಗಿ ಟೇಪಿನಿಂದ ಒತ್ತಿ ಹಿಡಿಸುತ್ತೇನೆ. ಅದರ ಮೇಲೆ ಅಂಗೈ ಅಗಲದ ಸ್ಪಂಜನ್ನು ನಾಲ್ಕು ಸೆಂಟಿಮೀಟರ್ ದಪ್ಪಕ್ಕೆ ಮಡಚಿ, ಸುತ್ತ ಬೆಲ್ಟ್ ಕಟ್ಟುತ್ತೇನೆ. ಹೊರಗಿನ ತಣ್ಣನೆ ಗಾಳಿ ಸೆನ್ಸರಿಗೆ ತಾಗುವುದಿಲ್ಲ, ಗೋಡೆಯ ಆಚೆಗಿನ ಬಿಯರಿನ ಕಾವಷ್ಟೇ ತಾಗುತ್ತದೆ. ಒಳಗೆ ಇನ್ನೊಂದು ಥರ್ಮಾಮೀಟರ್ ಇಳಿಸಿ ಹೋಲಿಸಿದ್ದೇನೆ, ವ್ಯತ್ಯಾಸ ಅರ್ಧ ಡಿಗ್ರಿ. ಹುದುಗುತ್ತಿರುವಾಗ ಏಳುವ ಗುಳ್ಳೆಗಳೇ ಬಿಯರನ್ನು ಕಲಕುತ್ತಿರುವುದರಿಂದ ನಡುವೆಯೂ ಅಂಚಿನಲ್ಲೂ ಕಾವು ಹೆಚ್ಚು ಕಡಿಮೆ ಒಂದೇ ಇರುತ್ತದೆ. ಏರಿಳಿತದ ಅಂತರವನ್ನು ಅರ್ಧದಿಂದ ಒಂದು ಡಿಗ್ರಿಗೆ ಇಡಿ. ಅದಕ್ಕಿಂತ ಸಣ್ಣದು ಇಟ್ಟರೆ ಕಂಪ್ರೆಸರಿಗೆ ಬಿಡುವಿಲ್ಲ, ಬಿಯರಿಗೂ ಲಾಭವಿಲ್ಲ.

ತುಂಬಿದ ಡ್ರಮ್ 22, 23 ಕಿಲೋ ತೂಗುತ್ತದೆ. ಗಾಜಿನ ತಟ್ಟೆಗಳ ಮೇಲೆ ಇಡಬೇಡಿ, ಎಲ್ಲ ತೆಗೆದು ಫ್ರಿಜ್ಜಿನ ನೆಲದ ಮೇಲೆ ಇಡಿ. ಮೇಲಿನಿಂದ ತೆರೆಯುವ ಡೀಪ್ ಫ್ರೀಜರ್ ಬಳಸುವವರಿಗೆ ಇನ್ನೊಂದು ಎಚ್ಚರಿಕೆ: 20 ಲೀಟರ್ ಬಿಯರ್ ಹುದುಗಿ ಮುಗಿಯುವಷ್ಟರಲ್ಲಿ 400 ಲೀಟರಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ಗಾಳಿಗಿಂತ ಭಾರ, ಪೆಟ್ಟಿಗೆಯ ತಳದಲ್ಲಿ ಮಡುಗಟ್ಟುತ್ತದೆ. ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟ ಮೇಲೆ ಬಗ್ಗಿ. ತಲೆಯನ್ನು ಒಳಗೆ ತೂರಿಸಬೇಡಿ. ಡ್ರಮ್ ಇಟ್ಟ ಕೋಣೆಯ ಕಿಟಕಿಯೂ ತೆರೆದಿರಲಿ.

ಪ್ರಶ್ನೆ: ಪೆಲ್ಟಿಯರ್ ಮಾಡ್ಯೂಲ್ (ಕರೆಂಟ್ ಕೊಟ್ಟರೆ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿಯಾಗುವ ಬಿಲ್ಲೆ) ಹಾಕಿ ಪುಟ್ಟ ಫ್ರಿಜ್ ಮಾಡಿಕೊಳ್ಳಬಹುದೇ?

ಉತ್ತರ: ಐದು ಲೀಟರಿನ ಜಾಡಿಗೆ ಆಗಬಹುದು, 20 ಲೀಟರಿಗೆ ಬೇಡ. 60 ವ್ಯಾಟ್ ಎಳೆಯುವ ಸಾಮಾನ್ಯ ಮಾಡ್ಯೂಲ್ ಕೈಗೆ ಕೊಡುವ ತಂಪು ಅದರ ಅರ್ಧವೂ ಇರುವುದಿಲ್ಲ. ಎಳೆದ ಕರೆಂಟೂ ತೆಗೆದ ಕಾವೂ ಸೇರಿ ಬಿಸಿ ಬದಿಯಲ್ಲಿ ಹೊರಬರುತ್ತದೆ. ಅಲ್ಲಿನ ಫ್ಯಾನ್ ಒಂದು ರಾತ್ರಿ ಕೈಕೊಟ್ಟರೆ ನಿಮ್ಮ ಫ್ರಿಜ್ ಒಲೆಯಾಗುತ್ತದೆ.

ಪ್ರಶ್ನೆ: ಲಾಗರ್ ಮಾಡಬೇಕೆಂದು ಬಹಳ ಆಸೆ. ಟಬ್ಬಿನಲ್ಲಿ ಸಾಧ್ಯವೇ? ಅದಕ್ಕೆ ಯಾಕೆ ಅಷ್ಟು ಚಳಿ ಬೇಕು?

ಉತ್ತರ: ಏಲ್ ಎಂದರೆ ಇಲ್ಲಿಯವರೆಗೆ ಹೇಳಿದ, 18, 20 ಡಿಗ್ರಿಯಲ್ಲಿ ಹುದುಗುವ ಬಿಯರ್; ಲಾಗರ್ ಚಳಿಯಲ್ಲಿ ಹುದುಗುವಂಥದ್ದು. ಏಲ್ ಮಾಡುವುದು ಸ್ಯಾಕರೋಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟ್. ಲಾಗರಿನ ಯೀಸ್ಟ್ ಅದರದೇ ಸಂಬಂಧಿ, ಆದರೆ ಮಿಶ್ರ ಸಂತಾನ. ಒಂದು ಕಡೆಯ ರಕ್ತ ಸೆರೆವಿಸಿಯೆಯದು. ಇನ್ನೊಂದು ಕಡೆಯದು ಯೂಬಯಾನಸ್ ಎಂಬ ಚಳಿ ತಾಳುವ ಕಾಡು ಯೀಸ್ಟಿನದು. ಈ ಎರಡನೆಯ ಹಿರಿಯ ಯಾರೆಂದು ಗೊತ್ತಾದದ್ದು 2011ರಲ್ಲಿ, ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ಕಾಡಿನ ಮರಗಳಲ್ಲಿ ಅದು ಸಿಕ್ಕಾಗ. ಚಳಿಯ ಗುಣ ಬಂದದ್ದು ಆ ಕಡೆಯಿಂದ. 9ರಿಂದ 12 ಡಿಗ್ರಿಯಲ್ಲಿ ಈ ಯೀಸ್ಟ್ ನಿಧಾನವಾಗಿ, ಹಣ್ಣಿನ ವಾಸನೆ ಬಿಡದೆ ಕೆಲಸ ಮಾಡುತ್ತದೆ.

ಯಂತ್ರವಿಲ್ಲದ ಕಾಲದವರೂ ಈ ಕಷ್ಟ ಉಂಡವರೇ. ಬವೇರಿಯಾದಲ್ಲಿ 1553ರಲ್ಲಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಮಾಡುವುದನ್ನೇ ನಿಷೇಧಿಸಿದರು. ಬೇಸಿಗೆಯ ಬಿಯರ್ ಅಷ್ಟು ಕೆಡುತ್ತಿತ್ತು. ಚಳಿಗಾಲದಲ್ಲಿ ಕೆರೆಗಳ ಐಸ್ ಕೊಯ್ದು ನೆಲಮಾಳಿಗೆಗೆ ತುಂಬುತ್ತಿದ್ದರು, ಮಾಳಿಗೆಯ ಮೇಲೆ ನೆರಳಿಗೆಂದು ಚೆಸ್ಟ್‌ನಟ್ ಮರ ನೆಡುತ್ತಿದ್ದರು. 1870ರ ದಶಕದಲ್ಲಿ ಮ್ಯೂನಿಕ್‌ನ ಶ್ಪಾಟನ್ ಬ್ರೂವರಿ ಕಾರ್ಲ್ ಲಿಂಡೆಯ ತಂಪು ಯಂತ್ರಕ್ಕೆ ಜಾಗ ಕೊಟ್ಟಿತು. ನಾನು ಜೀವನವಿಡೀ ರಿಪೇರಿ ಮಾಡಿದ ಫ್ರಿಜ್ಜಿನ ವಂಶವೃಕ್ಷದಲ್ಲಿ ಬಿಯರ್ ಇದೆ ಎಂದು ತಿಳಿದ ದಿನ ನನಗಾದ ಸಂತೋಷ ಸಣ್ಣದಲ್ಲ.

ಟಬ್ಬಿನ ವಿಷಯ. ಕೋಣೆ 28 ಇದ್ದು ಬಿಯರ್ 10 ಬೇಕೆಂದರೆ 18 ಡಿಗ್ರಿಯ ಅಂತರವನ್ನು ಎರಡು ವಾರ ಹಿಡಿದಿಡಬೇಕು. ಐಸ್ ಬಾಟಲಿಯಲ್ಲಿ ಆಗದ ಮಾತು, ನಿಮ್ಮನ್ನು ಸುಮ್ಮನೆ ಹುರಿದುಂಬಿಸಲಾರೆ. ಫ್ರಿಜ್ ಸಿಗುವವರೆಗೆ ಏಲ್ ಯೀಸ್ಟಿನಲ್ಲೇ ಹಣ್ಣಿನ ವಾಸನೆ ಕಡಿಮೆ ಬಿಡುವಂಥದ್ದನ್ನು ಆರಿಸಿ, 16, 17ರಲ್ಲಿ ಹುದುಗಿಸಿ. ಲಾಗರಿನ ಹತ್ತಿರ ಬರುತ್ತದೆ. ಫ್ರಿಜ್ ಸಿಕ್ಕ ಮೇಲೆ ಲಾಗರ್ ಮಾಡಿದಾಗ ಒಂದು ಮರೆಯಬೇಡಿ: ಸಕ್ಕರೆ ಮುಕ್ಕಾಲು ಪಾಲು ಮುಗಿದಾಗ 18ಕ್ಕೆ ಏರಿಸಿ ಎರಡು ಮೂರು ದಿನ ಬಿಡಬೇಕು. ಬೆಣ್ಣೆ ವಾಸನೆ ಹೋಯಿತೇ ಎಂದು ನೋಡಲು ಎರಡು ಲೋಟದಲ್ಲಿ ಬಿಯರ್ ತೆಗೆದು, ಒಂದನ್ನು ಮುಚ್ಚಿ 60 ಡಿಗ್ರಿಯ ಬಿಸಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಆರಿಸಿ, ಎರಡನ್ನೂ ಮೂಸಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಬಂದರೆ ಇನ್ನೂ ಎರಡು ದಿನ ಕಾಯಿರಿ.

ಪ್ರಶ್ನೆ: ಇಷ್ಟೆಲ್ಲ ತಾಪತ್ರಯ ಬೇಡ. ಬಿಸಿಯಲ್ಲೇ ಹುದುಗುವ ಯೀಸ್ಟ್ ಇಲ್ಲವೇ?

ಉತ್ತರ: ಇದೆ. ನಾರ್ವೆಯ ಹಳ್ಳಿಮನೆಗಳಲ್ಲಿ ತಲೆಮಾರುಗಳಿಂದ ಒಣಗಿಸಿ ಉಳಿಸಿಕೊಂಡು ಬಂದ ಕ್ವೈಕ್ ಎಂಬ ಯೀಸ್ಟ್‌ಗಳು 30ರಿಂದ 40 ಡಿಗ್ರಿಯಲ್ಲಿ ಚೆನ್ನಾಗಿ ಹುದುಗುತ್ತವೆ, ಮೂರು ನಾಲ್ಕು ದಿನದಲ್ಲಿ ಮುಗಿಸುತ್ತವೆ. ಕಿತ್ತಳೆಯ ಪರಿಮಳ ಬರುವಂಥವೂ ಇವೆ. ಬೆಲ್ಜಿಯಂ ಕಡೆಯ ಸೆಸೋನ್ ಯೀಸ್ಟ್‌ಗಳೂ 25 ದಾಟಿದರೆ ಹೆದರುವುದಿಲ್ಲ, ಕಾಳುಮೆಣಸಿನ ಘಾಟು ಅವುಗಳ ಸ್ವಭಾವ. ಬೇಸಿಗೆಗೆ ಇವನ್ನೇ ಇಟ್ಟುಕೊಳ್ಳಿ. ನಾನೂ ಬೇಸಿಗೆಯಲ್ಲಿ ಒಂದಾದರೂ ಕ್ವೈಕ್ ಮಾಡುತ್ತೇನೆ.

ಪ್ರಶ್ನೆ: ಐಸ್ ಹಾಕಿದ ರಾತ್ರಿ ಏರ್‌ಲಾಕಿನ ನೀರು ಬಿಯರಿನೊಳಗೆ ಹೋಗಿದೆ! ಕೆಟ್ಟುಹೋಯಿತೇ?

ಉತ್ತರ: ತಣ್ಣಗಾದಾಗ ಬಿಯರಿನ ಮೇಲಿನ ಗಾಳಿ ಕುಗ್ಗುತ್ತದೆ, ಏರ್‌ಲಾಕಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಒಂದು ಚಮಚ ನೀರಿಗೆ ಹೆದರಬೇಕಿಲ್ಲ. ಇನ್ನು ಮುಂದೆ ಅಲ್ಲಿ ನೀರಿನ ಬದಲು ವೋಡ್ಕಾ ಹಾಕಿ, ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ, ಒಮ್ಮೆಗೆ ಎರಡು ಡಿಗ್ರಿಗಿಂತ ಹೆಚ್ಚು ಇಳಿಸಬೇಡಿ.

ಪ್ರಶ್ನೆ: ಸರ್, ಅಮ್ಮನಿಗೆ ಹುಷಾರಿಲ್ಲ ಎಂದು ಎರಡು ದಿನ ಊರಿಗೆ ಹೋಗಿದ್ದೆ. ಬಂದು ನೋಡಿದರೆ ಡ್ರಮ್ಮಿನ ಪಟ್ಟಿ ಥರ್ಮಾಮೀಟರ್ 29 ತೋರಿಸುತ್ತಿದೆ. ಯೀಸ್ಟ್ ಹಾಕಿದ ಮೂರನೆಯ ದಿನ ಅದು. ತಿಂಗಳುಗಟ್ಟಲೆ ಕಾದು ಮಾಡಿದ ಬಿಯರ್. ಚೆಲ್ಲಿಬಿಡಲೇ?

ಉತ್ತರ: ಚೆಲ್ಲಬೇಡಿ ತಾಯಿ. ಮೊದಲು ಅಮ್ಮ ಹುಷಾರಾಗಲಿ.

ಈಗ ಐಸ್ ಸುರಿದು ಒಮ್ಮೆಲೇ 18ಕ್ಕೆ ಇಳಿಸಲು ಹೋಗಬೇಡಿ. ಆಗಬೇಕಾದದ್ದು ಆಗಿದೆ, ಈಗ ಚಳಿ ಕೊಟ್ಟರೆ ಉಳಿದ ಸ್ವಚ್ಛ ಮಾಡುವ ಕೆಲಸವನ್ನೂ ಯೀಸ್ಟ್ ಬಿಟ್ಟು ಮಲಗುತ್ತದೆ. ಒಂದು ದಿನದಲ್ಲಿ ನಿಧಾನವಾಗಿ 21ಕ್ಕೆ ತನ್ನಿ, ಅಲ್ಲೇ ಹತ್ತು ದಿನ ಇರಲಿ. ಆಮೇಲೆ ಒಂದು ಲೋಟ ತೆಗೆದು ಮೂಸಿ ನೋಡಿ. ಹಸಿರು ಸೇಬಿನ ವಾಸನೆ, ಬೆಣ್ಣೆಯ ವಾಸನೆ ಇದ್ದರೆ ಇನ್ನೊಂದು ವಾರ ಬಿಡಿ, ಯೀಸ್ಟ್ ಅವೆರಡನ್ನೂ ತಿನ್ನುತ್ತದೆ. ಬಾಳೆಹಣ್ಣಿನದು ಬಾಟಲಿಯಲ್ಲಿ ತಿಂಗಳು ಕಳೆದಂತೆ ಸ್ವಲ್ಪ ತಗ್ಗುತ್ತದೆ. ನೇಲ್ ಪಾಲಿಷ್ ವಾಸನೆ, ಗಂಟಲು ಸುಡುವ ಖಾರ ಇದ್ದರೆ ಮಾತ್ರ ಅದು ಹೋಗುವುದಿಲ್ಲ, ಕಾದು ಪ್ರಯೋಜನವಿಲ್ಲ. ಅದನ್ನು ಮೂಗೇ ಹೇಳುತ್ತದೆ, 29 ಎಂಬ ಅಂಕಿ ಹೇಳುವುದಿಲ್ಲ. ಬಿಸಿ ತಾಳುವ ಯೀಸ್ಟ್ ಆಗಿದ್ದರೆ ಏನೂ ಆಗದೆಯೂ ಇರಬಹುದು, ನೀವು ಯಾವುದು ಹಾಕಿದ್ದಿರಿ ಎಂದು ಬರೆದಿಲ್ಲ.

ಬಾಟಲಿಗೆ ತುಂಬಿಸಿದ ಮೇಲೆ ಮೂರನೆಯ ವಾರ ಒಂದು, ಎಂಟನೆಯ ವಾರ ಒಂದು ತೆರೆದು ನೋಡಿ, ಯೀಸ್ಟಿನ ಹೆಸರಿನ ಜೊತೆ ನನಗೊಂದು ಪತ್ರ ಹಾಕಿ.